ಹೆಡ್‌ಫೋನ್ ಡಬ್ಬಿ ಮೇಲಿನ ‘ಇಎನ್‌ಸಿ’ಯಿಂದ ವಿಮಾನದ ಸದ್ದು ನಿಲ್ಲುವುದಿಲ್ಲ

ಸಂಪಾದಕರಿಗೆ,

ಮಾನ್ಯರೆ,

ಅಮೆರಿಕದ ಮಗಳ ಮನೆಗೆ ಬಾಣಂತನಕ್ಕೆ ಹೊರಟವರು, ಉಮ್ರಾಕ್ಕೆ ಹೊರಟವರು, ದುಬೈ ಕೆಲಸಕ್ಕೆ ಹೊರಟ ಹುಡುಗರು. ‘ವಿಮಾನದಲ್ಲಿ ಸದ್ದು ಕೇಳಿಸದಂಥ ಹೆಡ್‌ಫೋನ್ ಕೊಡಿ’ ಎಂದು ದಾವಣಗೆರೆಯ ಮೊಬೈಲ್ ಅಂಗಡಿಗಳಿಗೆ ಬರುವವರು ಈಗ ಕಡಿಮೆಯೇನಿಲ್ಲ. ಅವರಲ್ಲಿ ಎಷ್ಟೋ ಜನ ‘ಇಎನ್‌ಸಿ’ ಎಂದು ದಪ್ಪಕ್ಷರದಲ್ಲಿ ಅಚ್ಚಾದ ಡಬ್ಬಿ ಹಿಡಿದು ಮನೆಗೆ ಹೋಗುತ್ತಾರೆ. ‘ನಾಲ್ಕು ಮೈಕ್ ಇದೆ ನೋಡಿ’ ಎಂಬ ಮಾತೊಂದು ಸೇರಿದರೆ ವ್ಯಾಪಾರ ಮುಗಿದಂತೆ. ಮೋಸ ಹೋದದ್ದು ಗೊತ್ತಾಗುವುದು ವಿಮಾನ ಮೇಲೇರಿದ ಮೇಲೆ.

ಇಎನ್‌ಸಿ (ಎನ್ವಿರಾನ್‌ಮೆಂಟಲ್ ನಾಯ್ಸ್ ಕ್ಯಾನ್ಸಲೇಶನ್) ಎಂಬುದು ಮೈಕಿಗೆ ಸಂಬಂಧಪಟ್ಟದ್ದು. ಬಸ್‌ಸ್ಟ್ಯಾಂಡಿನಲ್ಲಿ ನಿಂತು ಫೋನಿನಲ್ಲಿ ಮಾತಾಡುವಾಗ ಹಾರ್ನು, ಗಾಳಿ ಸದ್ದನ್ನೆಲ್ಲ ಸೋಸಿ ನಿಮ್ಮ ದನಿಯನ್ನಷ್ಟೇ ಆ ಕಡೆಯವರಿಗೆ ಮುಟ್ಟಿಸುತ್ತದೆ. ನಿಮ್ಮ ಕಿವಿಗೆ ಅದರಿಂದ ಬಿಡಿಗಾಸಿನ ಉಪಯೋಗವಿಲ್ಲ. ವಿಮಾನಕ್ಕೆ ಬೇಕಾದದ್ದು ಎಎನ್‌ಸಿ (ಆ್ಯಕ್ಟಿವ್ ನಾಯ್ಸ್ ಕ್ಯಾನ್ಸಲೇಶನ್), ಅಂದರೆ ನಿಮ್ಮ ಕಿವಿಗೆ ಬೀಳುವ ಸದ್ದನ್ನೇ ಕುಗ್ಗಿಸುವ ತಂತ್ರ. ಅಂಗಡಿಯಲ್ಲಿ ಗುರುತು ಹಿಡಿಯುವುದು ಸುಲಭ: ‘ಟ್ರಾನ್ಸ್‌ಪರೆನ್ಸಿ ಮೋಡ್ (ಬೇಕೆಂದಾಗ ಹೊರಗಿನ ಸದ್ದನ್ನು ಕೇಳಿಸುವ ಸೌಲಭ್ಯ) ಇದೆಯಾ, ಎಎನ್‌ಸಿ ಆನ್-ಆಫ್ ಮಾಡುವ ಬಟನ್ ಎಲ್ಲಿ?’ ಎಂದು ಕೇಳಿ. ತೋರಿಸಲು ತಡವರಿಸಿದರೆ ಡಬ್ಬಿ ವಾಪಸ್ ಕೊಡಿ. ಎರಡು ಸಾವಿರದ ಆಸುಪಾಸಿನಲ್ಲೇ ನಿಜವಾದ ಎಎನ್‌ಸಿ ಬಡ್‌ಗಳು (ಕಿವಿಯೊಳಗೆ ಸಿಕ್ಕಿಸುವ ಪುಟ್ಟ ಇಯರ್‌ಫೋನ್‌ಗಳು) ಸಿಗುವಾಗ ಇಎನ್‌ಸಿಗೆ ಅಷ್ಟೇ ದುಡ್ಡು ಸುರಿಯುವುದು ಯಾತಕ್ಕೆ?

ಎಎನ್‌ಸಿ ಹೆಡ್‌ಫೋನ್‌ಗಳು ಮೈಕುಗಳಿಂದ ಹೊರಗಿನ ಸದ್ದನ್ನು ಆಲಿಸಿ, ಅದರ ಅಲೆಗೆ ಸರಿಯಾಗಿ ತಿರುವುಮುರುವಾದ ಅಲೆಯನ್ನು ಸ್ಪೀಕರಿನಿಂದ ಬಿಡುತ್ತವೆ. ಎರಡೂ ಕೂಡಿ ಸದ್ದು ಕುಗ್ಗುತ್ತದೆ. ಈ ಆಟ ನಡೆಯುವುದು ಒಂದೇ ಸಮನೆ ಮೊರೆಯುವ, ತಗ್ಗು ಶ್ರುತಿಯ ಸದ್ದಿನ ಮೇಲೆ. ಸುಮಾರು ಸಾವಿರ ಹರ್ಟ್ಸ್ (ಸೆಕೆಂಡಿಗೆ ಸಾವಿರ ಕಂಪನ) ದಾಟಿದರೆ ಅದರ ಕೈ ಸೋಲುತ್ತದೆ. ಜೆಟ್ ವಿಮಾನದೊಳಗೆ 80ರಿಂದ 85 ಡೆಸಿಬೆಲ್ ಮೊರೆತವಿರುತ್ತದೆ, ಅದರ ಬಹುಪಾಲು ತಗ್ಗು ಶ್ರುತಿಯದೇ. ಶಿವಮೊಗ್ಗ, ಹುಬ್ಬಳ್ಳಿಯಂಥ ನಿಲ್ದಾಣಗಳಿಗೆ ಬರುವ ಎಟಿಆರ್ ವಿಮಾನದ್ದು ಇನ್ನೊಂದು ಬಗೆ. ಆರು ಎಲೆಯ ಪ್ರೊಪೆಲರ್ ಸೆಕೆಂಡಿಗೆ ಹದಿನಾರು ಸುತ್ತಿನ ಮೇಲೆ ತಿರುಗುತ್ತದೆ. ಗುಣಿಸಿ ನೋಡಿದರೆ ನೂರು ಹರ್ಟ್ಸ್ ಹತ್ತಿರದ ಗುಂಯ್‌ಗುಡುವಿಕೆ. ಎಎನ್‌ಸಿಗೆ ಇದಕ್ಕಿಂತ ಒಳ್ಳೆಯ ಬೇಟೆ ಇಲ್ಲ. ಈ ತಂತ್ರ ಬೆಳೆದದ್ದೂ ವಿಮಾನದ ಸುತ್ತಲೇ. ಬೋಸ್ ಕಂಪನಿ 1989ರಲ್ಲಿ ಇದನ್ನು ಪೈಲಟ್‌ಗಳಿಗೆಂದು ಮಾರಾಟಕ್ಕೆ ತಂದಿತು, ಅದರ ಕ್ವಯಟ್‌ಕಂಫರ್ಟ್ ಪ್ರಯಾಣಿಕರ ಕಿವಿಗೆ ಬಂದದ್ದು 2000ದಲ್ಲಿ.

ಮಗುವಿನ ಅಳು, ಪಕ್ಕದವರ ಹರಟೆ, ಗಗನಸಖಿಯ ಪ್ರಕಟಣೆ ಮೇಲು ಶ್ರುತಿಯವು. ಅವನ್ನು ತಡೆಯುವುದು ಒಳಗಿನ ಎಲೆಕ್ಟ್ರಾನಿಕ್ ಚಿಪ್ ಅಲ್ಲ, ಕಿವಿಯ ಸುತ್ತ ಕೂರುವ ಮೆತ್ತೆ. ಹಾಗಾಗಿ ‘ಮಗು ಅತ್ತದ್ದು ಕೇಳಿಸಿತು, ಪೀಸ್ ಡೂಪ್ಲಿಕೇಟ್’ ಎಂದು ಅಂಗಡಿಯವರ ಮೇಲೆ ಹರಿಹಾಯುವುದು ತಪ್ಪು. ಡಬ್ಬಿ ಮೇಲಿನ ‘45 ಡೆಸಿಬೆಲ್’, ‘50 ಡೆಸಿಬೆಲ್’ ಅಂಕಿಗಳನ್ನೂ ಅಷ್ಟಾಗಿ ನಂಬಬೇಡಿ. ಅದು ಯಾವುದೋ ಒಂದು ಶ್ರುತಿಯಲ್ಲಿ ಸಿಕ್ಕ ಗರಿಷ್ಠ ಲೆಕ್ಕ, ಪೂರ್ತಿ ಸದ್ದಿನದಲ್ಲ.

ಅಂಕಿಗಿಂತ ದೊಡ್ಡದು ಕಿವಿಗೆ ಹೇಗೆ ಕೂರುತ್ತದೆ ಎಂಬುದು. ಸೀಲ್, ಅಂದರೆ ಕಿವಿಯನ್ನು ಸಂದಿಲ್ಲದಂತೆ ಮುಚ್ಚುವ ಬಿಗಿ, ಎಲ್ಲಿ ಬಿಡುತ್ತದೋ ಅಲ್ಲಿಂದ ಮೊದಲು ನುಗ್ಗುವುದೇ ಆ ತಗ್ಗು ಮೊರೆತ. ಕನ್ನಡಕದ ಕಡ್ಡಿ ದಪ್ಪಗಿದ್ದರೆ ಮೆತ್ತೆ ಮತ್ತು ಕೆನ್ನೆಯ ನಡುವೆ ಸಂದು ಬೀಳುತ್ತದೆ, ಐವತ್ತು ಸಾವಿರದ ಹೆಡ್‌ಫೋನ್ ಕೂಡ ಐದು ಸಾವಿರದ್ದರಂತೆ ಕೇಳುತ್ತದೆ. ತೆಳು ಕಡ್ಡಿಯ ಕನ್ನಡಕ ಇದ್ದರೆ ಪ್ರಯಾಣಕ್ಕೆ ಅದನ್ನೇ ಹಾಕಿ. ಸ್ಕಾರ್ಫ್, ದಪ್ಪ ಜಡೆ, ದೊಡ್ಡ ಓಲೆಯಿಂದಲೂ ಇದೇ ತಾಪತ್ರಯ. ಅಂಥವರಿಗೆ ಬಡ್‌ಗಳೇ ವಾಸಿ. ಬಡ್‌ನ ಡಬ್ಬಿಯಲ್ಲಿ ಸಾಮಾನ್ಯವಾಗಿ ಮೂರು ಅಳತೆಯ ರಬ್ಬರ್ ಟಿಪ್ ಇರುತ್ತವೆ. ಹೆಚ್ಚಿನವರು ಕಂಪನಿ ಸಿಕ್ಕಿಸಿ ಕೊಟ್ಟ ಮೀಡಿಯಂ ಅನ್ನೇ ಹಾಕಿಕೊಂಡು ಉಳಿದವನ್ನು ಎಸೆದುಬಿಡುತ್ತಾರೆ. ಮೂರನ್ನೂ ಹಾಕಿ ನೋಡಿ. ಎಡಕಿವಿಗೊಂದು, ಬಲಕಿವಿಗೊಂದು ಅಳತೆ ಬೇಕಾಗುವುದೂ ಉಂಟು.

ಪರೀಕ್ಷೆ ಹೀಗಿರಲಿ. ಹಾಡು ಹಾಕಬೇಡಿ, ಹಾಡು ಹಾಕಿದರೆ ಎಲ್ಲವೂ ಚೆನ್ನಾಗಿಯೇ ಕೇಳುತ್ತದೆ. ಹೆಡ್‌ಫೋನ್ ಹಾಕಿಕೊಂಡು ಅಂಗಡಿಯ ಜನರೇಟರ್ ಅಥವಾ ಎಸಿಯ ಹೊರಗಿನ ಪೆಟ್ಟಿಗೆಯ ಪಕ್ಕ ನಿಂತು ಎಎನ್‌ಸಿ ಆಫ್-ಆನ್ ಮಾಡಿ. ಮೊರೆತ ಅರ್ಧಕ್ಕಿಂತ ಹೆಚ್ಚು ಇಳಿದದ್ದು ತಕ್ಷಣ ತಿಳಿಯಬೇಕು. ‘ಸ್ವಲ್ಪ ಕಮ್ಮಿಯಾಯ್ತೇನೋ’ ಅನ್ನಿಸಿದರೆ ಅದು ಬೇಡ. ಹಾಗೇ ಕನ್ನಡಕ ಹಾಕಿ, ತಲೆ ಅಲ್ಲಾಡಿಸಿ, ಏನನ್ನೋ ಅಗಿಯುವಂತೆ ದವಡೆ ಆಡಿಸಿ. ಆಗ ದಬ್ ದಬ್ ಎಂದು ಸದ್ದು ಬಂದರೆ ಅಥವಾ ಕೀಚೆಂದು ಕೂಗಿದರೆ ಸೀಲ್ ಸರಿಯಿಲ್ಲ, ಇಲ್ಲವೇ ಒಳಗಿನ ಮೈಕಿನ ಹೊಂದಾಣಿಕೆ ಸರಿಯಿಲ್ಲ. ವಿಮಾನ ಕುಲುಕಿದಾಗ ಕಿವಿಯೊಳಗೆ ಒತ್ತಡ ಬದಲಾಗಿ ಇದೇ ಸದ್ದು ಇಮ್ಮಡಿಸುತ್ತದೆ. ನಿಶ್ಶಬ್ದ ಜಾಗಕ್ಕೆ ಹೋಗಿ ಎಎನ್‌ಸಿ ಆನ್ ಮಾಡಿದಾಗ ಸಣ್ಣ ‘ಸುಯ್’ ಸದ್ದು ಬಂದರೆ ಚಿಂತೆಯಿಲ್ಲ, ವಿಮಾನದಲ್ಲಿ ಅದು ಮುಚ್ಚಿಹೋಗುತ್ತದೆ. ಮೊಬೈಲಿನಲ್ಲಿ ‘ವಿಮಾನದ ಸದ್ದು’ ಹಾಕಿ ಪರೀಕ್ಷಿಸುವವರು ಗಮನಿಸಬೇಕಾದದ್ದು: ಮೊಬೈಲಿನ ಪುಟ್ಟ ಸ್ಪೀಕರ್‌ಗೆ ಆ ನೂರು ಹರ್ಟ್ಸ್ ಮೊರೆತ ಹೊರಡಿಸುವ ಶಕ್ತಿಯೇ ಇಲ್ಲ. ವೂಫರ್ ಇರುವ ದೊಡ್ಡ ಸ್ಪೀಕರ್ ಬೇಕು.

ಆನ್‌ಲೈನ್‌ನಲ್ಲಿ ತರಿಸುವವರಿಗೆ ವಾಪಸ್ ಕೊಡುವ ಅವಧಿ ಸಾಮಾನ್ಯವಾಗಿ 7ರಿಂದ 10 ದಿನ. ಪ್ರಯಾಣದ ಹಿಂದಿನ ದಿನ ಡಬ್ಬಿ ಒಡೆಯಬೇಡಿ, ಬಂದ ಕೂಡಲೇ ಬಸ್ಸು ಹತ್ತಿ. ಹಿಂಬದಿ ಎಂಜಿನ್ನಿನ ವೋಲ್ವೊದಲ್ಲಿ ಕೊನೆಯ ಸೀಟಿನಲ್ಲಿ ಕೂತು ಚಿತ್ರದುರ್ಗದವರೆಗೆ ಹೋಗಿಬಂದರೆ ಯಾವ ಯೂಟ್ಯೂಬ್ ವಿಮರ್ಶೆಯೂ ಬೇಕಾಗುವುದಿಲ್ಲ. ಗಂಟೆ ದಾಟಿದ ಮೇಲೆ ನೆತ್ತಿ ನೋಯುತ್ತದೆಯೇ, ಕಿವಿ ಬೆವರುತ್ತದೆಯೇ ಎಂಬುದೂ ತಿಳಿಯುತ್ತದೆ. ತಲೆಗೆ ಹಾಕುವವು 250 ಗ್ರಾಂ ಆಸುಪಾಸಿನಲ್ಲಿದ್ದರೆ ದೂರ ಪ್ರಯಾಣಕ್ಕೆ ಒಳ್ಳೆಯದು. ಆಪಲ್‌ನ ಏರ್‌ಪಾಡ್ಸ್ ಮ್ಯಾಕ್ಸ್ 385 ಗ್ರಾಂ ತೂಗುತ್ತದೆ, ಅದು ಶೋಕಿಗೆ ಸರಿ.

ಅಮೆರಿಕಕ್ಕೆ ನೇರ ವಿಮಾನವೆಂದರೆ ಹದಿನೈದು ಗಂಟೆಯ ಆಸುಪಾಸು. ಬಡ್‌ಗಳು ಎಎನ್‌ಸಿ ಹಾಕಿದರೆ ಒಂದು ಚಾರ್ಜಿಗೆ ಐದರಿಂದ ಎಂಟು ಗಂಟೆ ಓಡುತ್ತವೆ, ನಡುವೆ ಚಾರ್ಜಿಂಗ್ ಕೇಸಿಗೆ ಹಾಕಲೇಬೇಕು. ತಲೆಗೆ ಹಾಕುವವು 20ರಿಂದ 30 ಗಂಟೆ ಬರುತ್ತವೆ. ಕೆಲವು ಮಾಡೆಲ್ ಚಾರ್ಜರ್ ಸಿಕ್ಕಿಸಿದ ಕೂಡಲೇ ಆಫ್ ಆಗುತ್ತವೆ, ಕೊಳ್ಳುವಾಗ ಕೇಳಿ. ಪವರ್ ಬ್ಯಾಂಕನ್ನು ಚೆಕ್-ಇನ್ ಬ್ಯಾಗಿಗೆ ಹಾಕುವಂತಿಲ್ಲ, ಕೈಚೀಲದಲ್ಲೇ ಇರಬೇಕು. ಅದರಿಂದ ಹಾರಾಟದ ನಡುವೆ ಚಾರ್ಜ್ ಮಾಡಲು ಈಗ ಹಲವು ಏರ್‌ಲೈನ್‌ಗಳು ಬಿಡುವುದೂ ಇಲ್ಲ. ವಯಸ್ಸಾದ ತಂದೆತಾಯಿಗೆ ಕೊಡಿಸುವುದಾದರೆ ತಲೆಗೆ ಹಾಕುವಂಥದ್ದೇ ಇರಲಿ, ಅದರಲ್ಲೂ ಒತ್ತುವ ಬಟನ್ ಇರುವಂಥದ್ದು. ಸವರಿದರೆ ಬದಲಾಗುವ ಟಚ್ ಅವರಿಗೆ ಬರೀ ಕಿರಿಕಿರಿ. ಬಡ್ ಸೀಟಿನ ಸಂದಿಗೆ ಬಿತ್ತೆಂದರೆ ಸೀಟು ಹಿಂದೆ ಮುಂದೆ ಸರಿಸಬಾರದು, ಸಿಬ್ಬಂದಿಯನ್ನು ಕರೆಯಬೇಕು. ಒಳಗಿನ ಲಿಥಿಯಂ ಬ್ಯಾಟರಿ ಜಜ್ಜಿದರೆ ಹೊತ್ತಿಕೊಳ್ಳಬಹುದು.

ಎದುರಿನ ಪರದೆಯಲ್ಲಿ ಸಿನಿಮಾ ನೋಡಬೇಕೆಂದರೆ ಹೆಚ್ಚಿನ ವಿಮಾನಗಳಲ್ಲಿ ಬ್ಲೂಟೂತ್ ನಡೆಯುವುದಿಲ್ಲ, 3.5 ಮಿ.ಮೀ. ತಂತಿ ಬೇಕು. ಬೋಸ್‌ನ ಹಲವು ಹೆಡ್‌ಫೋನ್‌ಗಳಲ್ಲಿ ಹೆಡ್‌ಫೋನ್ ಕಡೆಯ ತುದಿ 2.5 ಮಿ.ಮೀ.; ಆ ತಂತಿ ಕಳೆದರೆ ನಮ್ಮೂರಲ್ಲಿ ಸಿಗುವುದು ಕಷ್ಟ. ಹಳೆಯ ವಿಮಾನಗಳ ಎರಡು ತೂತಿನ ಸಾಕೆಟ್ಟಿಗೆ ಒಂದೇ ಪಿನ್ ಚುಚ್ಚಿದರೆ ಒಂದೇ ಕಿವಿಗೆ ಸದ್ದು ಬರುತ್ತದೆ. ಎರಡು ಪಿನ್ನಿನ ಅಡಾಪ್ಟರ್ ಹಾಕಿದರೆ ಸರಿಹೋಗುತ್ತದೆ. ಬಡ್‌ ಇರುವವರು ಸಾಕೆಟ್ಟಿಗೆ ಚುಚ್ಚುವ ಬ್ಲೂಟೂತ್ ಟ್ರಾನ್ಸ್‌ಮಿಟರ್ ಕೊಳ್ಳಬೇಕು, ಮನೆಯಲ್ಲೇ ಜೋಡಿಸಿ ಇಟ್ಟುಕೊಳ್ಳಬೇಕು.

ವಿಮಾನ ಇಳಿಯುವಾಗಿನ ಕಿವಿನೋವಿಗೆ ಎಎನ್‌ಸಿ ಮದ್ದಲ್ಲ. ಅದು ಗಾಳಿಯ ಒತ್ತಡದ ಸಮಸ್ಯೆ. ಬಡ್ ಬಿಗಿಯಾಗಿ ಕೂತಿದ್ದರೆ ಹಿಂಸೆ ಜಾಸ್ತಿಯೇ ಆದೀತು. ಇಳಿಯಲು ಶುರುವಾದಾಗ ತೆಗೆದಿಟ್ಟು ಉಗುಳು ನುಂಗುತ್ತಿರಿ.

ತಂತಿಯಿಲ್ಲದ ಹೆಡ್‌ಫೋನಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಕಡ್ಡಾಯ. ಡಬ್ಬಿ ಮೇಲೆ ‘ಆರ್’ ಅಕ್ಷರದಿಂದ ಶುರುವಾಗುವ ಸಂಖ್ಯೆ ಇರುತ್ತದೆ, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಯಾವ ಕಂಪನಿಯದೆಂದು ತೋರಿಸುತ್ತದೆ. ಇಎನ್‌ಸಿಯನ್ನೇ ಎಎನ್‌ಸಿ ಎಂದು ಬಿಲ್ಲು ಬರೆದುಕೊಟ್ಟು ವಾಪಸ್ ಪಡೆಯಲು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಅದಕ್ಕಾಗಿಯೇ ಬಿಲ್ಲಿನಲ್ಲಿ ಮಾಡೆಲ್ ಹೆಸರಿನ ಜೊತೆ ‘ಎಎನ್‌ಸಿ’ ಎಂದು ಬರೆಸಿಕೊಳ್ಳಿ.

ನಮ್ಮ ಊರಿನ ವ್ಯಾಪಾರಿಗಳಲ್ಲಿ ಒಂದು ಕೋರಿಕೆ. ಎಎನ್‌ಸಿ ಮತ್ತು ಇಎನ್‌ಸಿ ಡಬ್ಬಿಗಳನ್ನು ಬೇರೆ ಬೇರೆ ಸಾಲಿನಲ್ಲಿ ಇಡಿ, ಹಾಕಿ ನೋಡಲು ಒಂದು ಡೆಮೊ ಪೀಸನ್ನಾದರೂ ತೆರೆದಿಡಿ, ಬಡ್‌ ಆದರೆ ಟಿಪ್ ಒರೆಸಲು ಸ್ಪಿರಿಟ್ ಮತ್ತು ಹತ್ತಿ ಇರಲಿ. ಚರ್ಮದಂಥ ಮೆತ್ತೆ ನಮ್ಮ ಬಿಸಿಲು, ಬೆವರಿಗೆ ಎರಡು ಮೂರು ವರ್ಷದಲ್ಲಿ ಸಿಪ್ಪೆ ಏಳುತ್ತದೆ, ಆಗ ಸೀಲೂ ಹೋಗುತ್ತದೆ, ಎಎನ್‌ಸಿಯೂ ಹೋಗುತ್ತದೆ. ಗಿರಾಕಿ ಹೊಸ ಹೆಡ್‌ಫೋನ್ ಕೊಳ್ಳುವ ಬದಲು ಜೋಡಿ ಮೆತ್ತೆ ಬದಲಿಸಿದರೆ ಸಾಕು. ಹೆಚ್ಚು ಮಾರಾಟವಾಗುವ ಮಾಡೆಲ್‌ಗಳ ಮೆತ್ತೆಗಳನ್ನಾದರೂ ತರಿಸಿಡಿ.

– ಆಡಿಯೊ ಉಪಕರಣಗಳ ಮೆಕ್ಯಾನಿಕ್, ದಾವಣಗೆರೆ