ಸೊನ್ನೆಯಲ್ಲಿ ಮುಗಿಯುವ ಬಿಪಿ

ಪುಟ್ಟಿ,

ಜರ್ನಲ್‌ನವರು ನಿನ್ನ ಲೇಖನ ವಾಪಸ್ ಕಳಿಸಿದ್ದಕ್ಕೆ ಎರಡು ದಿನದಿಂದ ಮುಖ ಊದಿಸಿಕೊಂಡಿದ್ದೀಯಂತೆ. ಅಪ್ಪ ಹೇಳಿದರು. ಊದಿಸಿಕೋ, ತಪ್ಪಿಲ್ಲ. ನಾನು ಮಾತ್ರ ರಾತ್ರಿ ಕೂತು ಆ ಲೇಖನಕ್ಕೆ ನಿನ್ನ ಕ್ಲಿನಿಕ್ಕಿನವರ ಅಳತೆಗಳನ್ನು ತುಂಬಿಸಿದ ಎಕ್ಸೆಲ್ ಹಾಳೆ ನೋಡಿದೆ.

ಬಿಪಿ ಕಾಲಂ ಒಂದನ್ನೇ ಮೇಲಿಂದ ಕೆಳಗೆ ಓದು. 120, 130, 130, 140, 120. ಹೆಚ್ಚುಕಡಿಮೆ ಎಲ್ಲ ಸೊನ್ನೆಯಲ್ಲೇ ಮುಗಿಯುತ್ತವೆ, ಅಲ್ವಾ? ಪಾದರಸದ ಬಿಪಿ ಮಾಪಕದಲ್ಲಿ ಎರಡೆರಡಕ್ಕೆ ಒಂದು ಗೆರೆ. ಸರಿಯಾಗಿ ಓದಿ ಬರೆದಿದ್ದರೆ ಐದರಲ್ಲಿ ಒಂದು ಸೊನ್ನೆಯಲ್ಲಿ ಮುಗಿಯಬೇಕಿತ್ತು. ನಿಮ್ಮ ಕ್ಲಿನಿಕ್ಕಿಗೆ ಬರುವವರ ರಕ್ತ ಹತ್ತರ ಮಗ್ಗಿ ಹೇಳಿಕೊಂಡು ಓಡುತ್ತದೆಯೇನೇ?

ಬೈಯುತ್ತಿಲ್ಲ. ನಾನೂ ಹೀಗೆ ಬರೆದವಳೇ. ಹೊರಗೆ ಜನ ಕಾಯುತ್ತಿರುತ್ತಾರೆ. 138 ಕಂಡರೂ ಕೈ ತಾನಾಗಿ 140 ಬರೆದುಬಿಡುತ್ತದೆ. ಆದರೆ ಬಹಳ ಕಡೆ 140 ಅನ್ನುವುದೇ ಗಡಿ. ಇಲ್ಲದ ಎರಡು ಅಂಕ ಸೇರಿಸಿ ಒಬ್ಬರನ್ನು ರೋಗಿಗಳ ಪಟ್ಟಿಗೆ ತಳ್ಳಿದ ಹಾಗಾಯಿತು.

ಒಮ್ಮೆ ಒಬ್ಬರು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದರು. ಪರೀಕ್ಷೆಯ ಮೇಜಿನ ಮೇಲೆ ಕಾಲು ಇಳಿಬಿಟ್ಟು ಕೂತು ಮಾತಾಡುತ್ತಲೇ ತೋಳು ಚಾಚಿದರು. 152. ಕುರ್ಚಿಗೆ ಕರೆದೆ. ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ತೋಳು ಎದೆಯ ಮಟ್ಟಕ್ಕೆ, ಅಂಗಿಯ ತೋಳು ಮೇಲಕ್ಕೆ. ಐದು ನಿಮಿಷ ಮಾತಿಲ್ಲ. 134. "ನಿಮ್ಮ ಕುರ್ಚಿಯೇ ಔಷಧಿ ಡಾಕ್ಟ್ರೇ" ಅಂತ ನಕ್ಕರು. ನಿನ್ನ ಹಾಳೆಯಲ್ಲಿ ಇವರಲ್ಲಿ ಯಾರು ಕೂತಿದ್ದಾರೆ, 152ರವರೋ 134ರವರೋ?

ಸೊಂಟದ ಅಳತೆಯದೂ ಇದೇ ಕಥೆ. ಟೇಪ್ ಕಂಡರೆ ಸಾಕು, ಹೊಟ್ಟೆ ಒಳಗೆ ಎಳೆದುಕೊಳ್ಳುತ್ತಾರೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪ್ ಸುತ್ತಿ, ಉಸಿರು ಬಿಟ್ಟ ಮೇಲೆ ಓದಬೇಕು.

ಜರ್ನಲ್‌ನ ವಿಮರ್ಶಕರು ಮೆಟಬಾಲಿಕ್ ಸಿಂಡ್ರೋಮ್ ಬಗ್ಗೆ ಕೇಳಿದ್ದು ನನಗೆ ಅಷ್ಟು ಮುಖ್ಯ ಅನ್ನಿಸಲಿಲ್ಲ. ಸೊಂಟ, ಬಿಪಿ, ಸಕ್ಕರೆ, ಟ್ರೈಗ್ಲಿಸರೈಡ್ ಅನ್ನುವ ರಕ್ತದ ಕೊಬ್ಬು, ಎಚ್‌ಡಿಎಲ್ ಅನ್ನುವ ಒಳ್ಳೇ ಕೊಲೆಸ್ಟ್ರಾಲ್: ಐದರಲ್ಲಿ ಮೂರು ಕೆಟ್ಟರೆ ಆ ಹೆಸರು. ಟ್ರೈಗ್ಲಿಸರೈಡ್ 149 ಇದ್ದರೆ ಪಾಸು, 150 ಆದರೆ ಫೇಲು! 1988ರಲ್ಲಿ ಅಮೆರಿಕದ ಡಾಕ್ಟರ್ ಜೆರಾಲ್ಡ್ ರೀವನ್ ಇದನ್ನು 'ಸಿಂಡ್ರೋಮ್ ಎಕ್ಸ್' ಎಂದು ಕರೆದಾಗ ಸೊಂಟ ಪಟ್ಟಿಯಲ್ಲೇ ಇರಲಿಲ್ಲ, ಆಮೇಲೆ ಸೇರಿತು. ಆದರೂ ಅದರ ಹಿಂದಿನ ಯೋಚನೆ ನನಗೆ ಇಷ್ಟ. ಸಕ್ಕರೆ ಸ್ವಲ್ಪ ಜಾಸ್ತಿ, ಬಿಪಿ ಸ್ವಲ್ಪ ಜಾಸ್ತಿ ಇರುವವರು ಯಾವ ಸ್ಪೆಷಲಿಸ್ಟ್ ಬಾಗಿಲಿಗೂ ಹೋಗುವುದಿಲ್ಲ. ಅವರು ಬರುವುದು ನಮ್ಮ ಹತ್ತಿರ, ನೆಗಡಿಗೆ ಅಂತ.

ಒಂದು ಕಡೆ ಮಾತ್ರ ನಿನ್ನ ಮೇಲೆ ನಿಜವಾಗಿ ಸಿಟ್ಟು ಬಂತು. "ಮಾಹಿತಿ ಪೂರ್ತಿ ಇಲ್ಲದ ಸಾಲುಗಳನ್ನು ತೆಗೆದುಹಾಕಿದ್ದೇನೆ" ಎಂದು ಎಷ್ಟು ಸಲೀಸಾಗಿ ಬರೆದಿದ್ದೀಯ! ಆ ಸಾಲುಗಳು ಯಾರದು? ಎರಡನೇ ಸಲ ಬಾರದವರದು. ಕೂಲಿ ಬಿಟ್ಟು ಬರಲಾರದವರು, ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರು ಅದರಲ್ಲಿ ಇಲ್ಲ ಅಂತೀಯಾ? ವೇಲ್ಸ್‌ನ ಒಂದು ಕಲ್ಲಿದ್ದಲು ಗಣಿಯ ಹಳ್ಳಿಯಲ್ಲಿ ಜೂಲಿಯನ್ ಟ್ಯೂಡರ್ ಹಾರ್ಟ್ ಅಂತ ಒಬ್ಬರು ಡಾಕ್ಟರಿದ್ದರು. ನಮ್ಮ ಹಾಗೇ ಫ್ಯಾಮಿಲಿ ಡಾಕ್ಟರ್. ಕಾಯಿಲೆ ಅಂತ ಬಂದವರದ್ದು ಮಾತ್ರವಲ್ಲ, ತಮ್ಮ ಪಟ್ಟಿಯಲ್ಲಿದ್ದ ಎಲ್ಲರ ಬಿಪಿಯನ್ನೂ ನೋಡಲು ಹೊರಟರು. ಆರೈಕೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ ಸಿಗುತ್ತದೆ ಎಂದು 1971ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಜರ್ನಲ್‌ನಲ್ಲಿ ಬರೆದವರೂ ಅವರೇ. ನೀನು ಅಳಿಸಿದ್ದು ಅವರು ಹುಡುಕಿಕೊಂಡು ಹೋದವರನ್ನು.

ಅಳಿಸಿದ ಸಾಲುಗಳ ಹಳೇ ಹಾಳೆ ಇಟ್ಟುಕೊಂಡಿದ್ದೀಯ ತಾನೆ? ಕಳಿಸು, ಭಾನುವಾರ ಫೋನಿನಲ್ಲಿ ಕೂತು ಇಬ್ಬರೂ ನೋಡೋಣ. ಹಾಗೇ ನಿಮ್ಮಲ್ಲಿ ದೊಡ್ಡ ಕಫ್, ಅಂದರೆ ಬಿಪಿ ನೋಡಲು ತೋಳಿಗೆ ಸುತ್ತುವ ಪಟ್ಟಿ, ಇದೆಯಾ ಅಂತ ನರ್ಸನ್ನು ಕೇಳಿಡು. ದಪ್ಪ ತೋಳಿಗೆ ಚಿಕ್ಕ ಕಫ್ ಸುತ್ತಿದರೆ ಬಿಪಿ ಸುಮ್ನೆ ಜಾಸ್ತಿ ತೋರಿಸುತ್ತದೆ. ನನಗೇನೋ ಅದರ ಮೇಲೂ ಅನುಮಾನ.

ಅಮ್ಮ