ವರ್ಷ ತುಂಬಿತು, ಈಗಲಾದರೂ ಥ್ಯಾಂಕ್ಸ್ ಹೇಳ್ತೀನಿ

ನನ್ನ ಮಗ ಪುಟ್ಟನ ಎದೆಯಲ್ಲಿದ್ದ ಲೈನ್, ಅಂದ್ರೆ ಔಷಧಿ ಬಿಡುವ ಕೊಳವೆ, ತೆಗೆದಾಯ್ತು. ಬೇರೊಂದು ಮಗುವಿನ ಹೊಕ್ಕುಳಬಳ್ಳಿಯ ರಕ್ತದಿಂದ ಟ್ರಾನ್ಸ್‌ಪ್ಲಾಂಟ್ (ಕಸಿ) ಆಗಿ ವರ್ಷ ದಾಟಿತು. ಕಾಯಿಲೆಯ ಕಥೆ ನಿಮಗೆಲ್ಲ ಗೊತ್ತಿರೋದೇ, ಮತ್ತೆ ಹೇಳಲ್ಲ.

ಸರದಿ ಹಾಕಿಕೊಂಡು ಊಟ ಕಳಿಸಿದ, ಇಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದ ಕ್ಯಾರಿ, ಡರ್ಹಮ್ ಊರುಗಳ ಕನ್ನಡದ ಗೆಳೆಯರಿಗೆ, ದೊಡ್ಡವಳನ್ನು ಸ್ಕೂಲಿಗೆ ಬಿಟ್ಟು ಕರೆತಂದ ಪಕ್ಕದ ಮನೆಯವರಿಗೆ, ಊರಲ್ಲಿ ಹರಕೆ ಹೊತ್ತವರಿಗೆ, ನಮ್ಮ ಡಾಕ್ಟರು ನರ್ಸುಗಳಿಗೆ ಒಟ್ಟಿಗೇ ಒಂದು ದೊಡ್ಡ ನಮಸ್ಕಾರ.

ನನ್ನ ಮೈದುನನಿಗೆ ಮಾತ್ರ ಒಂದು ಸಾಲು ಸಾಲಲ್ಲ.

ಎಲ್ಲಕ್ಕಿಂತ ಕೆಟ್ಟ ಆ ರಾತ್ರಿ ನಮ್ಮೆಜಮಾನರಿಗೆ ಶೀತ. ವಾರ್ಡಿನೊಳಗೆ ಬಿಡಲಿಲ್ಲ. ಕಸಿ ಮಾಡಿದ ಹೊಸ ಜೀವಕೋಶ ಇನ್ನೂ ಕೆಲಸ ಶುರು ಮಾಡಿರಲಿಲ್ಲ, ಜ್ವರ ಏರುತ್ತಲೇ ಇತ್ತು. ಬಾಯಿ ತುಂಬ ಹುಣ್ಣು. ಎಂಜಲು ನುಂಗಲಾಗದೆ ಮಗು ಒದ್ದಾಡುತ್ತಿತ್ತು. ಎಂಜಲು ಎಳೆಯುವ ಕೊಳವೆ ಹಿಡಿದು ಇವನು ಮಂಚದ ಪಕ್ಕ ಕೂತ. ಕೂತವನೇ ಬಸ್ಸು ಹೊರಡಿಸಿದ. ತೀರ್ಥಹಳ್ಳಿಯಿಂದ ಉಡುಪಿಗೆ. "ಮೇಗರವಳ್ಳಿ ಯಾರ್ರೀ ಇಳಿಯೋರು? ರೈಟ್!" ಆಗುಂಬೆ ಘಾಟಿಯಲ್ಲಿ ಹದಿನಾಲ್ಕು ತಿರುವು. ಒಂದೊಂದು ತಿರುವಿಗೂ ಪುಟ್ಟ ಒಂದು ಬೆರಳು ಎತ್ತಬೇಕು, ಆಮೇಲೆ ಬಾಯಿ ತೆರೆಯಬೇಕು, ಇವನು ಎಂಜಲು ಎಳೀಬೇಕು. ಸೋಮೇಶ್ವರ, ಹೆಬ್ರಿ, ಪೆರ್ಡೂರು, ಹಿರಿಯಡ್ಕ. ಉಡುಪಿ ಮುಟ್ಟಿದ ಕೂಡಲೇ ಬಸ್ಸು ವಾಪಸ್ಸು.

ನಡುರಾತ್ರಿ ದಾಟಿದ ಮೇಲೆ ನಾನು, "ಸಾಕು ಕಣೋ, ಇದನ್ನೆಲ್ಲ ನಿಲ್ಲಿಸಿ ಅಂತ ಹೇಳಿಬಿಡೋಣ" ಅಂದೆ. ತಾಯಿಯಾದವಳ ಬಾಯಲ್ಲಿ ಬರುವ ಮಾತಾ ಅದು? ಬಂತು. ಅವನು ನನ್ನನ್ನು ಬೈಯಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ. "ಅತ್ತಿಗೆ, ನೀವು ಹಿಂದಿನ ಸೀಟಲ್ಲಿ ಮಲಗಿ" ಅಂದ. ಆ ಕುರ್ಚಿಯಲ್ಲೇ ಮಲಗಿದೆ. ಬೆಳಿಗ್ಗೆ ಎದ್ದಾಗಲೂ ಬಸ್ಸು ಓಡುತ್ತಿತ್ತು, ಕಂಡಕ್ಟರಿನ ಗಂಟಲು ಬಿದ್ದುಹೋಗಿತ್ತು.

ಇನ್ನೊಬ್ಬರಿದ್ದಾರೆ. ಹೆಸರು ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಹೆಣ್ಣು ಮಗು ಅಂತ ಮಾತ್ರ ಹೇಳಿದರು. ಆ ಮಗು ಹುಟ್ಟಿದ ದಿನ ಅದರಮ್ಮ ಹೊಕ್ಕುಳಬಳ್ಳಿಯ ರಕ್ತವನ್ನು ಕಸಕ್ಕೆ ಬಿಡದೆ, ಬೇಕಾದ ಯಾರಿಗಾದರೂ ಕೊಡಲು ಕಾದಿಡುವ ಸಾರ್ವಜನಿಕ ಬ್ಯಾಂಕಿಗೆ ಕೊಟ್ಟಳು. ನರ್ಸ್ ತಂದ ಚೀಲ ಎಷ್ಟು ಚಿಕ್ಕದಿತ್ತು ಅಂದ್ರೆ, ಇಷ್ಟೇನಾ ಅಂತ ಸಿಟ್ಟೇ ಬಂತು. ಅದನ್ನು ಪುಟ್ಟನ ಮೈಯೊಳಗೆ ಬಿಡುತ್ತಿದ್ದ ಹಾಗೆ ರೂಮೆಲ್ಲ ಬೆಂದ ಜೋಳದ ವಾಸನೆ. ಫ್ರೀಜ್ ಮಾಡುವಾಗ ಜೀವಕೋಶ ಸಾಯದಿರಲಿ ಅಂತ ಸೇರಿಸಿದ ಔಷಧಿಯದಂತೆ. ಈಗ ಪುಟ್ಟನ ರಕ್ತದ ಗುಂಪು ನಮ್ಮ ಮನೆಯಲ್ಲಿ ಯಾರದ್ದೂ ಅಲ್ಲ, ಆ ಹೆಣ್ಣು ಮಗುವಿನದ್ದು.

"ಹೆರಿಗೆಯಲ್ಲೇ ಪ್ರೈವೇಟ್ ಬ್ಯಾಂಕಿನಲ್ಲಿ ಇಟ್ಟಿದ್ದರೆ ಆಗ್ತಿತ್ತಲ್ವಾ?" ಅಂತ ಕೆಲವರು ಕೇಳಿದಿರಿ. ಆಗ್ತಿರಲಿಲ್ಲ. ಹುಟ್ಟಿನಿಂದ ಬಂದ ಕಾಯಿಲೆ ಮಗುವಿನ ಸ್ವಂತ ಬಳ್ಳಿರಕ್ತದಲ್ಲೂ ಇರುತ್ತದೆ. ಬೇಕಾಗಿದ್ದು ಬೇರೆಯವರದ್ದೇ. ಸುಮ್ನೆ ಮುಂಜಾಗ್ರತೆಗೆ ಅಂತ ಖಾಸಗಿಯಾಗಿ ಕೂಡಿಡುವುದನ್ನು ಭಾರತದ ವೈದ್ಯಕೀಯ ಸಂಶೋಧನಾ ಮಂಡಳಿಯಾದ ನಮ್ಮ ಐಸಿಎಂಆರ್ ಕೂಡ ಶಿಫಾರಸು ಮಾಡಿಲ್ಲ. ಇದೇ ಕಸಿಗೆ ಅಸ್ಥಿಮಜ್ಜೆ, ಅಂದ್ರೆ ರಕ್ತ ಹುಟ್ಟಿಸುವ ಮೂಳೆಯೊಳಗಿನ ತಿರುಳು, ಕೊಡುವ ದಾನಿಯ ಜೀವಕೋಶದ ಗುರುತು ನಮ್ಮಂಥ ಭಾರತೀಯರಿಗೆ ಇಲ್ಲಿ ಸುಲಭಕ್ಕೆ ಹೊಂದುವುದಿಲ್ಲ. ಬಳ್ಳಿರಕ್ತಕ್ಕೆ ಅಷ್ಟು ಕಟ್ಟುನಿಟ್ಟು ಬೇಡ, ಸ್ವಲ್ಪ ಹೆಚ್ಚುಕಮ್ಮಿ ಇದ್ದರೂ ನಡೆಯುತ್ತದೆ. 1988ರಲ್ಲಿ ಪ್ಯಾರಿಸ್‌ನಲ್ಲಿ ಮೊದಲ ಸಲ ಈ ಕಸಿ ಆಗಿದ್ದು ಇದೇ ನಾರ್ತ್ ಕೆರೊಲಿನಾದ ಒಬ್ಬ ಹುಡುಗನಿಗೆ, ಅವನ ತಂಗಿಯ ಬಳ್ಳಿರಕ್ತದಿಂದ.

ಪುಟ್ಟನಿಗೆ ಬಂದ ಬಳ್ಳಿರಕ್ತ ಆ ಅಮ್ಮ ಕೊಟ್ಟಳು ಸರಿ. ಆಮೇಲೆ ಪರೀಕ್ಷೆ ಮಾಡಿಸಿ, ಮೈನಸ್ 196 ಡಿಗ್ರಿಯಲ್ಲಿ ವರ್ಷಗಟ್ಟಲೆ ಕಾದಿಡುವ ಖರ್ಚು ಯಾರದು? ಕೊಡುವ ತಾಯಿಯಿಂದ ಒಂದು ಪೈಸೆ ತಗೊಳ್ಳಲ್ಲ. ಕೊಟ್ಟಿದ್ದರಲ್ಲೂ ಎಷ್ಟೋ ಚೀಲಗಳು ಜೀವಕೋಶ ಸಾಲದೆ ಪಕ್ಕಕ್ಕೆ ಹೋಗುತ್ತವೆ. 2005ರಲ್ಲಿ ಅಮೆರಿಕ ಇದಕ್ಕೆಂದೇ ಕಾನೂನು ಮಾಡಿ, ಕನಿಷ್ಠ 1,50,000 ಹೊಸ ಚೀಲಗಳ ಗುರಿ ಇಟ್ಟು, ಬ್ಯಾಂಕುಗಳಿಗೆ ಸರ್ಕಾರದ ದುಡ್ಡು ಕೊಡಲು ಶುರು ಮಾಡಿತು. ಈಚೆಗೆ ಅರ್ಧ ಹೊಂದಿದರೂ ಅಪ್ಪನಿಂದಲೋ ಅಮ್ಮನಿಂದಲೋ ಕಸಿ ಮಾಡುವುದು ಜಾಸ್ತಿಯಾಗಿ, ಚೀಲಗಳಿಗೆ ಬೇಡಿಕೆ ಇಳಿದಿದೆ. ಬ್ಯಾಂಕುಗಳ ಆದಾಯವೂ ಇಳಿದಿದೆ. ಬೇಡಿಕೆ ಇಲ್ಲ ಅಂತ ದುಡ್ಡು ನಿಲ್ಲಿಸಿದರೆ ನಮ್ಮಂಥವರು ಎಲ್ಲಿಗೆ ಹೋಗಬೇಕು ಹೇಳಿ. ಟ್ಯಾಕ್ಸ್ ಕಟ್ಟುವಾಗ ನಾನೂ ಗೊಣಗುತ್ತೇನೆ. ಆದರೂ ಕಟ್ಟಿದ ಎಲ್ಲರಿಗೂ, ಅಂದ್ರೆ ನಿಮ್ಮಲ್ಲಿ ತುಂಬಾ ಜನಕ್ಕೆ, ಥ್ಯಾಂಕ್ಸ್.

ಹೆರಿಗೆಗೆ ದಿನ ಎಣಿಸುತ್ತಿರುವವರು ನಿಮ್ಮ ಆಸ್ಪತ್ರೆಯಲ್ಲಿ ದಾನ ತಗೋತಾರಾ ಅಂತ ಮೊದಲೇ ಕೇಳಿಡಿ. ಎಲ್ಲ ಕಡೆ ಇಲ್ಲ.

ಯುಗಾದಿಗೆ ಎಲ್ಲರೂ ಮನೆಗೆ ಬನ್ನಿ, ಹೋಳಿಗೆ ಇದೆ. ಪುಟ್ಟನಿಗೆ ಲಸಿಕೆಗಳು ಮತ್ತೆ ಮೊದಲಿಂದ ನಡೀತಿವೆ. ಹಾಗಾಗಿ ಮೂಗು ಸೋರುತ್ತಿರುವವರು ಮಾತ್ರ ಮುಂದಿನ ವಾರ.