ಡಬಲ್ ಫಿಯಾಂಕೆಟೊ ಎದುರು ಎಚ್ ಪಾನ್ ಓಡಿಸಿದರೆ ಸಾಲದು

ಮಾನ್ಯರೇ,

ಎದುರಾಳಿ ತನ್ನ ಎರಡೂ ಬಿಷಪ್‌ಗಳನ್ನು ಬಿ7 ಮತ್ತು ಜಿ7ರಲ್ಲಿ ಕೂರಿಸಿದರೆ (ಇದೇ ಡಬಲ್ ಫಿಯಾಂಕೆಟೊ) ತಡಮಾಡದೆ ಎಚ್ ಪಾನ್, ಅಂದರೆ ಅಂಚಿನ ಕಾಲಾಳನ್ನು, ನುಗ್ಗಿಸಬೇಕು ಎಂದು ಕಳೆದ ಭಾನುವಾರದ ಚೆಸ್ ಅಂಕಣ ಹೇಳಿದೆ. (ಬೋರ್ಡ್‌ನ ಉದ್ದಸಾಲುಗಳಿಗೆ ಎಯಿಂದ ಎಚ್, ಅಡ್ಡಸಾಲುಗಳಿಗೆ ಬಿಳಿಯ ಕಡೆಯಿಂದ 1ರಿಂದ 8 ಎಂದು ಹೆಸರು; ಬರೀ ಎಚ್4 ಎಂದರೆ ಆ ಮನೆಗೆ ಪಾನ್ ನಡೆ.) ಈ ಸಲಹೆ ಅರ್ಧಂಬರ್ಧ. ಕಪ್ಪು ರಾಜ ಇನ್ನೂ ಇ8ರಲ್ಲೇ ಇರುವಾಗ ಎಚ್4, ಎಚ್5 ಎಂದು ಓಡಿದರೆ ಹೊಡೆಯುವುದು ಯಾರನ್ನು? ಮೊದಲೇ ಎಚ್6 ಆಡಿಟ್ಟವರು ಜಿ5 ತಳ್ಳಿ ಆ ಬದಿಯನ್ನು ಮುಚ್ಚಿಬಿಡುತ್ತಾರೆ. ಆಮೇಲೆ ಸಿ5 ಅಥವಾ ಡಿ5 ಬಂದು ನಡುಭಾಗ ಒಡೆಯುತ್ತದೆ. ಆಗ ಆಸರೆ ಹುಡುಕಬೇಕಾದವನು ಬಿಳಿ ರಾಜನೇ.

ಹಿಪ್ಪೋ ಎಂದು ಆಟಗಾರರು ಕರೆಯುವ ವಿನ್ಯಾಸವನ್ನೇ ನೋಡಿ. ಎ6, ಬಿ6, ಡಿ6, ಇ6, ಜಿ6, ಎಚ್6 ಎಂದು ಆರು ಪಾನ್ ನಡೆ, ಎರಡು ಬಿಷಪ್, ಡಿ7 ಮತ್ತು ಇ7ಕ್ಕೆ ಎರಡು ಕುದುರೆ. ಹತ್ತು ನಡೆ ಮುಗಿದರೂ ಒಂದು ಕಾಯಿಯೂ ಆರನೇ ಸಾಲು ದಾಟಿರುವುದಿಲ್ಲ. ಹಾಗೆಂದು ಇದನ್ನು ಹಗುರವಾಗಿ ಕಾಣುವಂತಿಲ್ಲ. 1966ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸವಾಲುಗಾರ ಸ್ಪಾಸ್ಕಿ ಇದನ್ನು ಆಗಿನ ಚಾಂಪಿಯನ್ ಪೆಟ್ರೋಸಿಯನ್ ಎದುರು 12 ಮತ್ತು 16ನೇ ಆಟಗಳಲ್ಲಿ ಆಡಿ ಎರಡನ್ನೂ ಡ್ರಾ ಮಾಡಿಕೊಂಡರು. ಈ ವಿನ್ಯಾಸ ಕಾಯುವುದು ನಮ್ಮ ಆತುರಕ್ಕೆ.

ಕ್ಲಬ್ ಮಟ್ಟದವರಿಗೆ ನಂಬಬಹುದಾದ ಜೋಡಣೆ ಹೀಗಿದೆ: ಇ4, ಡಿ4, ಸಿ3, ಕುದುರೆ ಎಫ್3, ಬಿಷಪ್ ಡಿ3, ಕ್ಯಾಸಲಿಂಗ್ (ರಾಜನನ್ನು ಆನೆಯ ಕಡೆಗೆ ಎರಡು ಮನೆ ಸರಿಸಿ, ಆನೆಯನ್ನು ಅವನ ಆಚೆ ಬದಿಗೆ ತರುವ ನಡೆ), ಆನೆ (ರೂಕ್) ಇ1, ಇನ್ನೊಂದು ಕುದುರೆ ಡಿ2. ಬಿ7 ಬಿಷಪ್ ಗುರಿ ಇಡುವ ಇ4ಕ್ಕೆ ಬಿಷಪ್, ಆನೆ, ಕುದುರೆ ಮೂರೂ ಕಾವಲು. ಜಿ7 ಬಿಷಪ್‌ಗೆ ಅಡ್ಡ ನಿಂತ ಡಿ4ಕ್ಕೆ ಸಿ3 ಪಾನ್ ಮತ್ತು ಎಫ್3 ಕುದುರೆಯ ಬಲ. ಕುದುರೆಯನ್ನು ಸಿ3ಗೆ ತರುವುದು ಹೆಚ್ಚು ಚುರುಕಾದ ಆಟ, ಒಪ್ಪುತ್ತೇನೆ. ಆದರೆ ಆಗ ಡಿ4ಕ್ಕೆ ಪಾನ್ ಆಸರೆ ತಪ್ಪುತ್ತದೆ.

ಇಲ್ಲಿಂದ ಮುಂದೆ ಇ4, ಡಿ4 ಪಾನ್‌ಗಳನ್ನು ನಾವಾಗಿ ಮುಟ್ಟಬಾರದು. ಕಾರಣವಿಲ್ಲದೆ ಇ5 ತಳ್ಳಿದರೆ ಬಿ7 ಬಿಷಪ್‌ಗೆ ಎಫ್3 ಕುದುರೆಯವರೆಗೂ ದಾರಿ ಬಿಟ್ಟುಕೊಟ್ಟಂತೆ. ಡಿ6 ಪಾನ್ ಅದನ್ನು ಹೊಡೆದು, ನಾವು ಡಿ ಪಾನ್‌ನಿಂದ ಮರುಹೊಡೆದರೆ ಇ5ರ ಒಂಟಿ ಪಾನ್ ಮೇಲೆ ಡಿ7 ಕುದುರೆ, ಜಿ7 ಬಿಷಪ್ ಎರಡೂ ಬೀಳುತ್ತವೆ. ಇ7 ಕುದುರೆಯೂ ಸಿ6ಕ್ಕೆ ಬಂದು ಸೇರಿಕೊಳ್ಳುತ್ತದೆ. ಪಾನ್ ಉಳಿಸುವುದೇ ಕೆಲಸವಾಗುತ್ತದೆ.

ಕಪ್ಪು ತಾನೇ ಕೈ ಹಾಕಿದಾಗ ಮಾತ್ರ ಉತ್ತರ ಕೊಡಬೇಕು. ಅದು ಡಿ5 ಆಡಿದರೆ ನಾವು ಇ5. ಅದು ಇ5 ಆಡಿದರೆ ನಾವು ಡಿ5. ಎರಡರಲ್ಲೂ ಡಿ5ರಲ್ಲೊಂದು, ಇ5ರಲ್ಲೊಂದು ಪಾನ್ ಗಟ್ಟಿಯಾಗಿ ಕೂತು ಎರಡೂ ಬಿಷಪ್‌ಗಳ ದಾರಿ ಮುಚ್ಚುತ್ತದೆ. ಸಿ5 ಬಂದರೆ ಹೊಡೆಯಲು ಹೋಗಬೇಡಿ. ಅವರೇ ಡಿ4ರಲ್ಲಿ ಹೊಡೆಯಲಿ, ಸಿ ಪಾನ್‌ನಿಂದ ಮರುಹೊಡೆದರೆ ನಡುಭಾಗ ಹಾಗೆಯೇ ಉಳಿಯುತ್ತದೆ. ಡಿ4ಕ್ಕೆ ಇನ್ನೊಂದು ಕಾವಲು ಬೇಕೆನಿಸಿದರೆ ಡಿ2 ಕುದುರೆಗೆ ಬಿ3 ಮನೆ ಇದೆ.

ದಾಳಿ ಬೇಕೆಂದರೆ ಡಿ2 ಕುದುರೆಯನ್ನು ಎಫ್1 ಮೂಲಕ ಜಿ3ಕ್ಕೆ ಒಯ್ದು, ಬಿಷಪ್ ಇ3, ರಾಣಿ ಡಿ2 ಆಡಿ. ಕಪ್ಪು ಎಚ್6 ಆಡಿದ್ದರೆ ಅದಕ್ಕೆ ಆ ಬದಿಯ ಕ್ಯಾಸಲಿಂಗ್ ದುಬಾರಿ: ಆನೆ ಎಚ್8 ಬಿಟ್ಟ ಕೂಡಲೇ ಎಚ್6ಕ್ಕೆ ಉಳಿಯುವುದು ಜಿ7 ಬಿಷಪ್‌ನ ಒಂದೇ ಕಾವಲು, ಹೊಡೆಯುವವರು ಇಬ್ಬರು. ಎಚ್6 ಆಡದಿದ್ದರೆ ಬಿಷಪ್ ಎಚ್6ಕ್ಕೆ ಹೋಗಿ ಜಿ7 ಬಿಷಪ್ ಅನ್ನು ಅದಲುಬದಲು ಮಾಡಿಕೊಳ್ಳಲಿ. ಜಿ6 ಪಾನ್ ಹಿಂದೆ ಆ ಬಿಷಪ್ ಇಲ್ಲವೆಂದರೆ ಎಫ್6, ಎಚ್6 ಮನೆಗಳು ಅನಾಥ. ಎಚ್ ಪಾನ್ ಓಡಿಸಲು ಸರಿಯಾದ ಹೊತ್ತು ಅದು. ಇನ್ನೊಂದು ಬದಿಯಲ್ಲಿ ಎ4, ಎ5 ಸಾಕು. ಕಪ್ಪು ಬಿ5 ಎಂದರೆ ಬಿ4 ಆಡಿ ಸಿ5ಕ್ಕೆ ತಡೆ ಹಾಕಿ.

ಬಿಳಿಯವರೇ ಬಿ2, ಜಿ2ರಲ್ಲಿ ಬಿಷಪ್ ಇಟ್ಟಾಗ ಏನು ಮಾಡಬೇಕೆಂದು ಅಂಕಣ ಹೇಳಲೇ ಇಲ್ಲ. 1924ರ ನ್ಯೂಯಾರ್ಕ್ ಟೂರ್ನಿಯಲ್ಲಿ ಬಿಳಿ ಕಾಯಿಗಳ ರೇಟಿ ವಿರುದ್ಧ ಮಾಜಿ ವಿಶ್ವ ಚಾಂಪಿಯನ್ ಲಾಸ್ಕರ್ ಆಡಿದ ಆಟ ಇದಕ್ಕೆ ಒಳ್ಳೆಯ ಪಾಠ. ಎಂಟು ವರ್ಷ ಸೋಲದ ಆಗಿನ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ ಅದೇ ಟೂರ್ನಿಯಲ್ಲಿ ರೇಟಿಗೆ ಸೋತಿದ್ದರು. ಲಾಸ್ಕರ್ ಡಿ5, ಸಿ6 ಆಡಿ, ಇ6 ಆಡುವ ಮೊದಲೇ ಬಿಷಪ್ ಅನ್ನು ಎಫ್5ಕ್ಕೆ ಹೊರತೆಗೆದರು. 9ನೇ ನಡೆಯಲ್ಲಿ ಇ5 ಬಂತು, ಅದರ ಹಿಂದೆ ಡಿ6 ಬಿಷಪ್, ಡಿ7 ಕುದುರೆ, ಇ7 ರಾಣಿ, ಇ8 ಆನೆ ಸಾಲಾಗಿ ನಿಂತವು. 12ನೇ ನಡೆಯ ಎ5, ಬಿ3 ಪಾನ್‌ಗೆ ಇಟ್ಟ ಗುರಿ. ರೇಟಿ ಎ4 ಆಡಲೇಬೇಕಾಯಿತು, ಬಿ3ಗೆ ಪಾನ್ ಆಸರೆ ಹೋಯಿತು. ರೇಟಿ ರಾಣಿಯನ್ನು ಎ1ರ ಮೂಲೆಗೆ ಒಯ್ದು ಬಿ2 ಬಿಷಪ್ ಹಿಂದೆ ನಿಲ್ಲಿಸಿದ್ದನ್ನು ಇಂದಿಗೂ ಜನ ಹೊಗಳುತ್ತಾರೆ. ಆದರೆ ಅವರ ಡಿ2 ಕುದುರೆ ಎಫ್1ಕ್ಕೆ ಹೋದ ಮರುಕ್ಷಣ ಲಾಸ್ಕರ್ ಕುದುರೆ ಸಿ5ಕ್ಕೆ ಹಾರಿತು. ಅದು ಬಿ3 ಹೊಡೆದರೆ ಎ1 ರಾಣಿ, ಸಿ1 ಆನೆ ಎರಡೂ ಒಟ್ಟಿಗೆ ಸಿಕ್ಕಿಬೀಳುತ್ತಿದ್ದವು. ರೇಟಿ ಆನೆಯನ್ನೇ ಕೊಟ್ಟು ಆ ಕುದುರೆಯನ್ನು ತೆಗೆದರು, ಕೊನೆಗೆ ಸೋತರು.

ಮುಂದಿನ ಅಂಕಣದಲ್ಲಿ ಆ ಆಟದ ಮೊದಲ 17 ನಡೆಗಳನ್ನಾದರೂ ಚಿತ್ರಸಹಿತ ಅಚ್ಚು ಹಾಕಿದರೆ ಮಕ್ಕಳು ಬೋರ್ಡ್ ಮೇಲೆ ಜೋಡಿಸಿ ನೋಡಬಹುದು.

– ಚೆಸ್ ತರಬೇತುದಾರ, ದಾವಣಗೆರೆ